178 ಜನರ 'ಸಿಟಿ': ಕ್ಯಾನ್ಸಸ್‌ನ ಲೆಬನಾನ್ ಯಾಕೆ ಹೀಗೆ ಖಾಲಿಯಾಯ್ತು?

ಬಯಲುದಾರಿ

ಅಕ್ಟೋಬರ್‌ನಲ್ಲಿ ಡೆನ್ವರ್‌ನಿಂದ ಕ್ಯಾನ್ಸಸ್ ಸಿಟಿಗೆ ಕಾರಲ್ಲಿ ಬಂದೆ. ಎಲ್ಲರೂ ಹಿಡಿಯುವ ಐ-70 ನೋಡಿ ನೋಡಿ ಸಾಕಾಗಿತ್ತು. ಅದಕ್ಕೇ ಉತ್ತರದ 36ನೇ ನಂಬರ್ ಹೆದ್ದಾರಿ ಹಿಡಿದೆ. ಪಕ್ಕದ ನೆಬ್ರಾಸ್ಕಾ ರಾಜ್ಯದ ಗಡಿಯಿಂದ ಹದಿಮೂರು ಮೈಲಿ ಈಚೆ, ಕ್ಯಾನ್ಸಸ್ ರಾಜ್ಯದೊಳಗೆ ಲೆಬನಾನ್ ಅಂತ ಒಂದು ಊರು ಸಿಗುತ್ತದೆ. ಅಲಾಸ್ಕಾ, ಹವಾಯಿ ಬಿಟ್ಟು ಅಮೆರಿಕದ ಉಳಿದ 48 ರಾಜ್ಯಗಳ ನಟ್ಟನಡುವಿನ ಜಾಗ ಇದು ಅಂತ ಹೆಸರುವಾಸಿ.

ಊರಿಂದ ವಾಯವ್ಯಕ್ಕೆ ಎರಡೂವರೆ ಮೈಲಿ ಹೋದರೆ ಕಲ್ಲಿನ ಕಂಬದ ಥರ ಒಂದು ಸ್ಮಾರಕ, ಅದರ ಮೇಲೆ ಬಾವುಟ. ಪಕ್ಕದಲ್ಲಿ ಪುಟ್ಟ ಚಾಪೆಲ್, ಅಂದರೆ ಪ್ರಾರ್ಥನಾ ಮಂದಿರ. ಪುಟ್ಟದು ಅಂದ್ರೆ ನಮ್ಮ ಹಳ್ಳಿಯ ಬಸ್ ತಂಗುದಾಣದಷ್ಟು. ಎಂಟು ಜನ ಕೂತರೆ ಮೊಣಕೈ ಮೊಣಕೈ ತಾಗಬೇಕು. ನಾನು ಅರ್ಧ ಗಂಟೆ ಇದ್ದೆ. ಒಂದು ನರಪಿಳ್ಳೆ ಬರಲಿಲ್ಲ. ಗಾಳಿಗೆ ಬಾವುಟದ ಹಗ್ಗ ಕಂಬಕ್ಕೆ ಟಣ್ ಟಣ್ ಅಂತ ಬಡಿಯುತ್ತಿತ್ತು, ಅಷ್ಟೇ.

ಆಮೇಲೆ ಊರೊಳಗೆ ಹೋದೆ. ಮುಖ್ಯ ಬೀದಿ ನಮ್ಮ ಜಿಲ್ಲಾ ಕೇಂದ್ರದ ರಸ್ತೆಗಿಂತ ಅಗಲ. ಎರಡೂ ಕಡೆ ಇಟ್ಟಿಗೆ ಕಟ್ಟಡಗಳು, ಬಹಳಷ್ಟಕ್ಕೆ ಬೀಗ. ಬೀದಿ ಕೊನೆಯಲ್ಲಿ ಧಾನ್ಯ ತುಂಬಿಡುವ ಎತ್ತರದ ಎಲಿವೇಟರ್. ಊರು ಕಣ್ಣಿಗೆ ಬೀಳುವ ಎಷ್ಟೋ ಮೊದಲೇ ಅದು ಕಾಣುತ್ತದೆ. 2020ರ ಜನಗಣತಿಯಲ್ಲಿ ಇಲ್ಲಿದ್ದವರು 178 ಜನ. 1920ರಲ್ಲಿ 822 ಇದ್ದರಂತೆ.

ನನ್ನ ಪ್ರಶ್ನೆ ಇಷ್ಟೇ. ಸುತ್ತ ಹೊಲ ಪಾಳು ಬಿದ್ದಿಲ್ಲ, ಕಣ್ಣು ಹಾಯಿಸಿದಷ್ಟೂ ಬೆಳೆ ಇದೆ. ಹಾಗಿದ್ದರೆ ಜನ ಎಲ್ಲಿ ಹೋದರು?

ಕೊಂಕುನುಡಿ

178 ಅಂದ್ರೆ ನಮ್ಮ ಅಪಾರ್ಟ್‌ಮೆಂಟಿನ ಒಂದು ಬ್ಲಾಕ್ ಮಾರಾಯ್ರೆ. ಅದನ್ನೂ ಟೌನ್ ಅಂತಾರಾ?

ಅಂಕಿಸಂಖ್ಯೆ

ಟೌನ್ ಅಲ್ಲ, ಸಿಟಿ! ಕ್ಯಾನ್ಸಸ್ ಕಾನೂನಲ್ಲಿ ನೋಂದಣಿಯಾದ ಊರೆಲ್ಲ ಸಿಟಿಯೇ. ದೊಡ್ಡವು ಮೊದಲ ದರ್ಜೆ, ಮಧ್ಯದವು ಎರಡನೇ ದರ್ಜೆ, ಇಂಥವು ಮೂರನೇ ದರ್ಜೆ. ಮೇಯರ್, ಕೌನ್ಸಿಲ್ ಎಲ್ಲ ಇರುತ್ತದೆ. ವಿಸ್ತೀರ್ಣ ಮಾತ್ರ ಒಂದು ಚದರ ಕಿಲೋಮೀಟರ್‌ಗೂ ಕಡಿಮೆ.

ಊರಿನ ಲೆಕ್ಕ ಬಿಡಿ, ಅದು ಇರುವ ಸ್ಮಿತ್ ಕೌಂಟಿ ನೋಡಿ. ಕೌಂಟಿ ಅಂದ್ರೆ ನಮ್ಮ ಜಿಲ್ಲೆಯ ಥರ. ಸುಮಾರು 2,300 ಚದರ ಕಿ.ಮೀ. ನಮ್ಮ ಬೆಂಗಳೂರು ನಗರ ಜಿಲ್ಲೆಗಿಂತ ಒಂಚೂರು ದೊಡ್ಡದು. ಬೆಂಗಳೂರು ನಗರ ಜಿಲ್ಲೆಯಲ್ಲಿ 2011ರಲ್ಲೇ 96 ಲಕ್ಷ ಜನ ಇದ್ದರು. ಸ್ಮಿತ್ ಕೌಂಟಿಯಲ್ಲಿ 2020ರಲ್ಲಿ 3,570. ಲಕ್ಷ ಅಲ್ಲ, ಬರೀ 3,570. ಇಡೀ ಕೌಂಟಿಯನ್ನು ತಂದು ಮೆಜೆಸ್ಟಿಕ್‌ನಲ್ಲಿ ಬಿಟ್ಟರೆ ಗೊತ್ತೇ ಆಗುವುದಿಲ್ಲ.

ಲೆಬನಾನ್‌ದೇ ಇತ್ತೀಚಿನ ಅಂಕಿ ಬೇಕಿದ್ದರೆ: 2000ದಲ್ಲಿ 303, 2010ರಲ್ಲಿ 218, 2020ರಲ್ಲಿ 178. ಜನ ಒಂದೇ ಸಲ ಬಿಟ್ಟು ಓಡಿಲ್ಲ. ಹನಿ ಹನಿಯಾಗಿ ಸೋರಿದೆ.

ಸರ್ವೇನಂಬರ್

ನಾನು ಭೂಮಾಪನದ ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡುವವನು. ಆ 'ನಟ್ಟನಡು' ಹೇಗೆ ಸಿಕ್ಕಿತು ಅನ್ನುವ ಕಥೆ ನನಗೆ ತುಂಬಾ ಇಷ್ಟ. 1918ರಲ್ಲಿ ಅಮೆರಿಕದ ಕೋಸ್ಟ್ ಆಂಡ್ ಜಿಯೊಡೆಟಿಕ್ ಸರ್ವೆಯವರು ದೇಶದ ಆಕಾರಕ್ಕೆ ಒಂದು ರಟ್ಟು ಕತ್ತರಿಸಿದರು. ಅದನ್ನು ಒಂದು ಮೊನೆಯ ಮೇಲೆ ಇಟ್ಟು, ಎಲ್ಲಿ ವಾಲದೆ ನಿಲ್ಲುತ್ತದೆ ಅಂತ ನೋಡಿದರು. ನಾವು ಚಿಕ್ಕವರಿದ್ದಾಗ ತಟ್ಟೆಯನ್ನು ಬೆರಳ ಮೇಲೆ ನಿಲ್ಲಿಸುತ್ತಿದ್ದೆವಲ್ಲ, ಅದೇ ಆಟ. ರಟ್ಟು ನಿಂತ ಜಾಗ ಈ ಹೊಲ. 39 ಡಿಗ್ರಿ 50 ನಿಮಿಷ ಉತ್ತರ, 98 ಡಿಗ್ರಿ 35 ನಿಮಿಷ ಪಶ್ಚಿಮ.

ಆ ಬಿಂದು ಬಿದ್ದದ್ದು ಖಾಸಗಿ ಜಮೀನಿನಲ್ಲಿ. ಬಂದವರೆಲ್ಲ ಬೆಳೆ ತುಳಿದರೆ ಯಾರಿಗೆ ಬೇಕು? ಹಾಗಾಗಿ 1941ರಲ್ಲಿ ಸ್ಮಾರಕ ಕಟ್ಟುವಾಗ ಅರ್ಧ ಮೈಲಿ ಆಚೆ ಕಟ್ಟಿದರು. ಅಂದರೆ ಬಯಲುದಾರಿ, ನೀವು ಅರ್ಧ ಗಂಟೆ ನಿಂತದ್ದು ನಡುವಿನಲ್ಲಲ್ಲ, ನಡುವಿನ ಪಕ್ಕದ ಮನೆಯಲ್ಲಿ.

1959ರಲ್ಲಿ ಅಲಾಸ್ಕಾ, ಹವಾಯಿ ರಾಜ್ಯಗಳಾದ ಮೇಲೆ 50 ರಾಜ್ಯಗಳ ನಡು ಸೌತ್ ಡಕೋಟಾದ ಬೆಲ್ ಫೂಷ್ ಕಡೆ ಹೋಯಿತು. ಲೆಬನಾನ್‌ಗೆ ಉಳಿದದ್ದು 48ರ ಪಟ್ಟ ಮಾತ್ರ.

ಇನ್ನೊಂದು ಜಾಗವನ್ನು ಇದರ ಜೊತೆ ಗೊಂದಲ ಮಾಡಿಕೊಳ್ಳುವವರು ಜಾಸ್ತಿ. ಲೆಬನಾನ್‌ನಿಂದ ದಕ್ಷಿಣಕ್ಕೆ ನಲವತ್ತು ಚಿಲ್ಲರೆ ಮೈಲಿ ಹೋದರೆ ಆಸ್ಬೋರ್ನ್ ಕೌಂಟಿಯಲ್ಲಿ ಮೀಡ್ಸ್ ರ‍್ಯಾಂಚ್ ಅಂತ ಇದೆ. ಅಲ್ಲಿ ನೆಲದಲ್ಲಿ ಕೂರಿಸಿದ ಒಂದು ಲೋಹದ ಬಿಲ್ಲೆ. 1927ರ ಮಾಪನ ಪದ್ಧತಿಯಲ್ಲಿ ಉತ್ತರ ಅಮೆರಿಕದ ಅಳತೆಗೆಲ್ಲ ಅದೇ ಮೂಲ ಬಿಂದು. ಸೆಟಲೈಟ್ ಕಾಲದ ಹೊಸ ಪದ್ಧತಿ ಬರುವ ತನಕ ನಡೆಯಿತು. ಭಾರತದ ಹಳೆಯ ಸರ್ವೆಗೆ ಮಧ್ಯಪ್ರದೇಶದ ಕಲ್ಯಾಣಪುರ ಹೇಗೋ ಇದೂ ಹಾಗೆ. ಕೆಲಸಕ್ಕೆ ಬಂದದ್ದು ಆ ಬಿಲ್ಲೆ. ಬಾವುಟ ಸಿಕ್ಕಿದ್ದು ರಟ್ಟಿನ ಬಿಂದುವಿಗೆ. ಪ್ರಪಂಚ ಹೀಗೇ ಬಿಡಿ.

ಕೊಂಕುನುಡಿ

ಕಥೆ ಚೆನ್ನಾಗಿದೆ. ಆದರೆ ಜನ ಎಲ್ಲಿ ಹೋದರು ಅಂತ ಯಾರೂ ಹೇಳಲಿಲ್ಲ.

ಒಮಾಹಾಮಾವ

ನಾನು ಹೇಳ್ತೀನಿ. ಇಪ್ಪತ್ತೆರಡು ವರ್ಷದಿಂದ ನೆಬ್ರಾಸ್ಕಾದ ಒಮಾಹಾದಲ್ಲಿದ್ದೇನೆ. ಕೆಲಸ ಕೃಷಿ ಯಂತ್ರಗಳ ಕಡೆಯದು, ಈ ಭಾಗವನ್ನೆಲ್ಲ ಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಕಾಫಿ ತಗೊಂಡು ಕೂತ್ಕೊಳ್ಳಿ.

ನಾವೆಲ್ಲ ಒಂದು ತಪ್ಪು ಮಾಡುತ್ತೇವೆ. ಲೆಬನಾನ್ ನೋಡಿದ ಕೂಡಲೇ 'ಊರು' ಅಂದುಬಿಡುತ್ತೇವೆ. ನಮ್ಮ ತಲೆಯಲ್ಲಿ ಊರು ಅಂದ್ರೆ ಒತ್ತಿಕೊಂಡಿರುವ ಮನೆಗಳು, ಮಧ್ಯೆ ಗುಡಿ, ಅರಳಿಕಟ್ಟೆ, ಆಚೆ ಹೊಲ. ಬೆಳಿಗ್ಗೆ ಹೊಲಕ್ಕೆ ಹೋಗಿ ಸಂಜೆ ಊರಿಗೆ ಬರುವುದು. ಅಲ್ಲಿ ಪೂರ್ತಿ ಉಲ್ಟಾ. ರೈತ ಇದ್ದದ್ದು ಹೊಲದಲ್ಲೇ. ಊರಿಗೆ ಬರುತ್ತಿದ್ದದ್ದು ವಾರಕ್ಕೊಮ್ಮೆ, ಸಂತೆಗೆ ಬಂದ ಹಾಗೆ. ಲೆಬನಾನ್ ಊರಲ್ಲ, ಪೇಟೆ.

ಯಾಕೆ ಹೀಗೆ? 1862ರ ಹೋಮ್‌ಸ್ಟೆಡ್ ಕಾಯ್ದೆ. 160 ಎಕರೆ ಸರ್ಕಾರಿ ಜಮೀನು, ಸಣ್ಣ ಅರ್ಜಿ ಶುಲ್ಕಕ್ಕೆ. ಷರತ್ತು ಏನಪ್ಪಾ ಅಂದ್ರೆ ಅಲ್ಲೇ ಮನೆ ಕಟ್ಟಿ ಐದು ವರ್ಷ ವಾಸ ಮಾಡಿ ಉಳಬೇಕು. ನಾಲ್ಕು ಜನ ಸೇರಿ ಒಂದು ಕಡೆ ಮನೆ ಕಟ್ಟಿಕೊಂಡು ಹೊಲಕ್ಕೆ ಓಡಾಡ್ತೀವಿ ಅಂದರೆ ನಡೆಯುತ್ತಿರಲಿಲ್ಲ. ಹಾಗಾಗಿ ಮನೆಯಿಂದ ಮನೆಗೆ ಅರ್ಧ ಮೈಲಿ.

ನೆಲವನ್ನು ಮೊದಲೇ ಚೌಕಾಬಾರದ ಮನೆಯಂತೆ ಗೆರೆ ಹೊಡೆದಿದ್ದರು. ಆರು ಮೈಲಿ ಉದ್ದ, ಆರು ಮೈಲಿ ಅಗಲ ಒಂದು ಟೌನ್‌ಶಿಪ್. ಅದರಲ್ಲಿ 36 ಸೆಕ್ಷನ್. ಒಂದು ಸೆಕ್ಷನ್ ಒಂದು ಚದರ ಮೈಲಿ, 640 ಎಕರೆ. ಅದರ ಕಾಲು ಭಾಗ 160. ಅಲ್ಲಿಯ ರೈತರು ಇವತ್ತಿಗೂ ಜಮೀನನ್ನು 'ಕ್ವಾರ್ಟರ್' ಲೆಕ್ಕದಲ್ಲೇ ಹೇಳುವುದು. 'ನಮ್ಮಪ್ಪಂದು ಮೂರು ಕ್ವಾರ್ಟರ್ ಇತ್ತು' ಅಂದರೆ ನೀವು ಬೇರೆ ಏನೋ ಅಂದುಕೊಳ್ಳಬೇಡಿ.

ಈಗ ಲೆಕ್ಕ ಹಾಕಿ. ಒಂದು ಚದರ ಮೈಲಿಗೆ ನಾಲ್ಕು ಕುಟುಂಬ, ಕುಟುಂಬಕ್ಕೆ ಐದು ಜನ. ಇಪ್ಪತ್ತು. 1900ರಲ್ಲಿ ಸ್ಮಿತ್ ಕೌಂಟಿಯಲ್ಲಿ 16 ಸಾವಿರಕ್ಕೂ ಜಾಸ್ತಿ ಜನ ಇದ್ದರು, ಅಂದರೆ ಚದರ ಮೈಲಿಗೆ ಹದಿನೆಂಟು. ಕಾಯ್ದೆ ಹಾಕಿದ ಗೆರೆಗೆ ಜನ ಸರಿಯಾಗಿ ಕೂತಿದ್ದರು. ಈಗ ಎಷ್ಟು? ನಾಲ್ಕು. ಮೊದಲು ನಾಲ್ಕು ಕುಟುಂಬ ಇದ್ದ ಕಡೆ ಈಗ ನಾಲ್ಕು ತಲೆ.

ಭೂಮಿ ಅಷ್ಟೇ ಇದೆ, ಬೆಳೆ ಮೊದಲಿಗಿಂತ ಜಾಸ್ತಿಯೇ ಬರುತ್ತದೆ. ಅದನ್ನು ಬೆಳೆಯಲು ಅಷ್ಟು ಜನ ಬೇಡ, ಅಷ್ಟೇ. ಕುದುರೆ ಹೋಗಿ ಟ್ರ್ಯಾಕ್ಟರ್, ಆಮೇಲೆ ಕಂಬೈನ್ ಅನ್ನುವ ಕಟಾವು ಯಂತ್ರ. ಈಗ ಕ್ಯಾನ್ಸಸ್‌ನಲ್ಲಿ ಒಂದು ಫಾರ್ಮ್ ಸರಾಸರಿ ಸುಮಾರು 800 ಎಕರೆ. ಇದನ್ನೇ ನಂಬಿ ಬದುಕುವವರು ಎರಡು ಮೂರು ಸಾವಿರ ಎಕರೆ ಮಾಡುವುದು ಅಪರೂಪವೇನಲ್ಲ. ಪಕ್ಕದವನು ಮಾರುತ್ತಾನೆ, ಇವನು ಕೊಳ್ಳುತ್ತಾನೆ. ಹಳೇ ಮನೆ ಹಾಗೇ ಬಿದ್ದಿರುತ್ತದೆ. ದಾರಿಯಲ್ಲಿ ಹೊಲದ ಮಧ್ಯೆ ನಾಲ್ಕು ಮರ ಗುಂಪಾಗಿ ನಿಂತಿದ್ದರೆ ಅಲ್ಲಿ ಹಿಂದೆ ಒಂದು ಮನೆ ಇತ್ತು ಅಂತ ತಿಳಿಯಿರಿ. ಗಾಳಿ ತಡೆಯಲು ನೆಟ್ಟ ಮರ. ಮನೆ ಹೋದರೂ ಮರ ಇರುತ್ತದೆ.

ಗಿರಾಕಿಯೇ ಇಲ್ಲದ ಮೇಲೆ ಪೇಟೆ ಯಾರಿಗೆ?

ಜೋಳದರೊಟ್ಟಿ

ಮಾವ, ಕ್ವಾರ್ಟರ್ ಅಂದಾಗ ನಾನೂ ಬೇರೆನೇ ಅಂದ್ಕೊಂಡೆ.

ಬಯಲುದಾರಿಯವರೇ, ಹೊಲದಲ್ಲಿ ಏನು ಬೆಳೆ ಇತ್ತು? ನೀವು ಹಾಕಿದ ಫೋಟೋದಲ್ಲಿ ಮೊಣಕಾಲಿಗಿಂತ ಸ್ವಲ್ಪ ಎತ್ತರ, ತುದಿ ಇಟ್ಟಿಗೆ ಕೆಂಪು ಬಣ್ಣ. ನನಗಂತೂ ಅದು ಜೋಳದ ತೆನೆ ಕಂಡ ಹಾಗಿದೆ. ನಾವು ವಿಜಾಪುರದವರು, ಜೋಳದ ವಿಷಯದಲ್ಲಿ ಕಣ್ಣು ತಪ್ಪುವುದಿಲ್ಲ.

ಒಮಾಹಾಮಾವ

ತಪ್ಪಿಲ್ಲ. ಜೋಳವೇ. ಅಲ್ಲಿ 'ಮೈಲೋ' ಅಂತಾರೆ. ಅಮೆರಿಕದಲ್ಲಿ ಜೋಳ ಜಾಸ್ತಿ ಬೆಳೆಯುವ ರಾಜ್ಯ ಕ್ಯಾನ್ಸಸ್. ನಮ್ಮ ಬಿಳಿಜೋಳದಂತೆ ಆಳೆತ್ತರ ಬೆಳೆಯುವುದಿಲ್ಲ. ಕಂಬೈನ್‌ಗೆ ಸಿಗಬೇಕು ಅಂತ ಕುಳ್ಳ ತಳಿ ಮಾಡಿದ್ದಾರೆ. ಅಲ್ಲಿ ತಿನ್ನುವವರು ತೀರಾ ಕಡಿಮೆ. ದನಕ್ಕೆ, ಎಥನಾಲ್‌ಗೆ, ಇಲ್ಲಾಂದ್ರೆ ಹಡಗು ಹತ್ತಿ ಚೀನಾಕ್ಕೆ.

ಮಳೆಯೇ ಕಾರಣ. ಪೂರ್ವದ ಅಯೋವಾದಲ್ಲಿ ಮೆಕ್ಕೆಜೋಳ ಬೇಡ ಅಂದರೂ ಬರುತ್ತದೆ. ಪಶ್ಚಿಮಕ್ಕೆ ಹೋದಂತೆ ಮಳೆ ಇಳಿಯುತ್ತದೆ. 100ನೇ ರೇಖಾಂಶ ದಾಟಿದರೆ ವರ್ಷಕ್ಕೆ 20 ಇಂಚು ಬಂದರೆ ಹೆಚ್ಚು. ಲೆಬನಾನ್ ಇರುವುದು 98ರಲ್ಲಿ. ಅಂದರೆ ಹೊಸ್ತಿಲ ಮೇಲೆ. ಒಂದು ವರ್ಷ ಸಮೃದ್ಧಿ, ಇನ್ನೊಂದು ವರ್ಷ ಆಕಾಶ ನೋಡುವುದು. ಅದಕ್ಕೇ ಚಳಿಗಾಲದ ಗೋಧಿ, ಬರ ತಡೆಯುವ ಜೋಳ. 160 ಎಕರೆ ಅನ್ನುವ ಲೆಕ್ಕವೇ ಪೂರ್ವದ ಮಳೆ ನೋಡಿ ಮಾಡಿದ್ದು. ಈ ಕಡೆ ಅದು ಒಂದು ಸಂಸಾರಕ್ಕೆ ಸಾಲುತ್ತಿರಲಿಲ್ಲ. 1930ರ ದಶಕದ ಬರ, ಧೂಳು ಬಿರುಗಾಳಿಯ ವರ್ಷಗಳಲ್ಲಿ ಅದು ಎಲ್ಲರಿಗೂ ಚೆನ್ನಾಗಿ ಅರ್ಥವಾಯಿತು.

ಕೊಂಕುನುಡಿ

ಪೇಟೆ ವಾದ ಒಪ್ಪಿದೆ. ಆದರೆ ಪೇಟೆ ಅಂದಮೇಲೆ ಒಂದಾದರೂ ಉಳೀಬೇಕಲ್ವಾ? ನಮ್ಮ ಮಲೆನಾಡಿನಲ್ಲೂ ಮನೆ ದೂರ ದೂರ, ತೋಟದೊಳಗೇ ಮನೆ. ಆದರೂ ಕೊಪ್ಪ, ತೀರ್ಥಹಳ್ಳಿ ಪೇಟೆಗಳು ಗಿಜಿಗುಡುತ್ತವೆ.

ಒಮಾಹಾಮಾವ

ಒಳ್ಳೇ ಪ್ರಶ್ನೆ, ಕೊಂಕು ಇಲ್ಲದ್ದು. ಉಳಿದಿದೆ, ಸ್ಮಿತ್ ಸೆಂಟರ್. ಕೌಂಟಿಯ ಕೇಂದ್ರ, ಲೆಬನಾನ್‌ಗೆ ಪಶ್ಚಿಮಕ್ಕೆ ಇಪ್ಪತ್ತು ನಿಮಿಷದೊಳಗೆ. ಸಾವಿರದ ಐನೂರು ಚಿಲ್ಲರೆ ಜನ. ಕೋರ್ಟು, ಆಸ್ಪತ್ರೆ, ಶಾಲೆ ಎಲ್ಲ ಅಲ್ಲೇ.

ಕಷ್ಟ ಏನಂದ್ರೆ ಪೇಟೆಗಳು ಬೇಕಾದ್ದಕ್ಕಿಂತ ಜಾಸ್ತಿ ಹುಟ್ಟಿದ್ದವು. 1880ರ ದಶಕದ ಕೊನೆಯಲ್ಲಿ ರಾಕ್ ಐಲ್ಯಾಂಡ್ ಕಂಪನಿಯ ರೈಲು ಬಂತು. ಎಸ್ಬನ್, ಲೆಬನಾನ್, ಬೆಲೇರ್, ಸ್ಮಿತ್ ಸೆಂಟರ್, ಅಥೋಲ್, ಕೆನ್ಸಿಂಗ್ಟನ್, ಏಳೆಂಟು ಮೈಲಿಗೊಂದು ಮಣಿ ಪೋಣಿಸಿದ ಹಾಗೆ. ಧಾನ್ಯ ಹೇರಿದ ಕುದುರೆ ಗಾಡಿ ಬೆಳಿಗ್ಗೆ ಹೊರಟು ಕತ್ತಲಾಗುವುದರೊಳಗೆ ಮನೆ ಸೇರಬೇಕು. ಆ ಅಳತೆಗೆ ಸ್ಟೇಷನ್. ಕಾರು ಬಂದ ದಿನವೇ ಆ ಅಳತೆ ಹಳೆಯದಾಯಿತು. ಏಳು ಮೈಲಿ ಬದಲು ಮೂವತ್ತು ಮೈಲಿ ಹೋಗುವುದು ಸುಲಭವಾಯಿತು. ಕೊಪ್ಪಕ್ಕೂ ತೀರ್ಥಹಳ್ಳಿಗೂ ಮಧ್ಯೆ ಏಳು ಮೈಲಿಗೊಂದು ಕೊಪ್ಪ ಇದ್ದಿದ್ದರೆ ಎಷ್ಟು ಉಳೀತಿದ್ದವು, ನೀವೇ ಹೇಳಿ.

ಶಾಲೆ ಹೋದದ್ದು ಇನ್ನೊಂದು ಪೆಟ್ಟು. 1963ರಲ್ಲಿ ಕ್ಯಾನ್ಸಸ್ ಶಾಲಾ ಜಿಲ್ಲೆಗಳನ್ನು ಒಟ್ಟುಗೂಡಿಸುವ ಕಾನೂನು ಮಾಡಿತು. ಒಂದೊಂದಾಗಿ ಸಣ್ಣ ಊರಿನ ಹೈಸ್ಕೂಲುಗಳು ಮುಚ್ಚಿದವು. ಅಲ್ಲಿ ಹೈಸ್ಕೂಲು ಅಂದ್ರೆ ಬರೀ ಪಾಠ ಅಲ್ಲ. ಶುಕ್ರವಾರ ರಾತ್ರಿ ಫುಟ್‌ಬಾಲ್, ಊರಿನ ಹೆಸರು ಬರೆದ ಅಂಗಿ. ನಮ್ಮಲ್ಲಿ ಊರ ತೇರು ನಿಂತುಹೋದ ಹಾಗೆ ಅಂದ್ಕೊಳ್ಳಿ. ರಾಕ್ ಐಲ್ಯಾಂಡ್ ಕಂಪನಿ 1980ರಲ್ಲಿ ಬಾಗಿಲು ಹಾಕಿತು.

ಹೊಳೆಸಾಲು

ಚರ್ಚೆ ಪೂರ್ತಿ ಓದಿದೆ. 'ಖಾಲಿಯಾಯ್ತು' ಅನ್ನುವುದನ್ನು ಎಲ್ಲರೂ 1900ರಿಂದ ಶುರು ಮಾಡ್ತಿದ್ದೀರಿ. ಅದಕ್ಕೂ ಮೊದಲು ಈ ಬಯಲು ಪೌನಿ ಅನ್ನುವ ಮೂಲನಿವಾಸಿ ಜನರ ಬೇಟೆಯ ನೆಲ. ಉತ್ತರದ ನೆಬ್ರಾಸ್ಕಾದಲ್ಲಿ ಅವರ ಮಣ್ಣಿನ ಮನೆಗಳಿದ್ದವು. ಹೊಳೆ ದಂಡೆಯಲ್ಲಿ ಮೆಕ್ಕೆಜೋಳ ಬಿತ್ತಿ, ಬೇಸಿಗೆಯಲ್ಲಿ ಕಾಡೆಮ್ಮೆ ಹಿಂದೆ ಈ ಕಡೆ ಬರುತ್ತಿದ್ದರು. 1870ರ ದಶಕದಲ್ಲಿ ಅವರನ್ನು ಈಗಿನ ಒಕ್ಲಹೋಮಾಗೆ ಕಳಿಸಿದರು. ಸರ್ಕಾರ ಹೋಮ್‌ಸ್ಟೆಡ್‌ಗೆ ಹಂಚಿದ 'ಖಾಲಿ' ಜಮೀನು ಹೀಗೆ ಖಾಲಿಯಾದದ್ದು.

ಇದನ್ನು ಜಗಳಕ್ಕೆ ಹೇಳ್ತಿಲ್ಲ. ಜನಸಂಖ್ಯೆ ಪಟ್ಟಿಯಲ್ಲಿ ಮೊದಲ ಸಾಲು ಎಲ್ಲಿಂದ ಅನ್ನುವುದೂ ಒಂದು ಆಯ್ಕೆಯೇ.

ಬಯಲುದಾರಿ

ಹೊಳೆಸಾಲು, ಒಪ್ಪಿದೆ. ಸ್ಮಾರಕದ ಹತ್ತಿರ ನನ್ನ ಕಣ್ಣಿಗೆ ಈ ವಿಷಯ ಬೀಳಲಿಲ್ಲ.

ಸರ್ವೇನಂಬರ್ ಅವರಿಗೊಂದು ಪ್ರಶ್ನೆ. ಅಲ್ಲಿ ಮಣ್ಣುರಸ್ತೆಗಳು ಮೈಲಿಗೊಂದು, ದಾರ ಹಿಡಿದು ಎಳೆದಷ್ಟು ನೇರ. ಆದರೆ ಒಂದು ಕಡೆ ಉತ್ತರಕ್ಕೆ ಹೋಗುವಾಗ ಇದ್ದಕ್ಕಿದ್ದಂತೆ ರಸ್ತೆ ಪಕ್ಕಕ್ಕೆ ಸರಿದು ಮತ್ತೆ ನೇರವಾಯಿತು. ಗುಡ್ಡ ಇಲ್ಲ, ಹಳ್ಳ ಇಲ್ಲ. ಯಾಕೆ?

ಅಂದ ಹಾಗೆ ಆ ರಸ್ತೆಯಲ್ಲೇ ನನಗೆ ಶಾಸ್ತಿ ಆಯ್ತು. ಮ್ಯಾಪ್ ತೋರಿಸಿತು ಅಂತ 'ಮಿನಿಮಮ್ ಮೇಂಟೆನೆನ್ಸ್' (ದುರಸ್ತಿ ಕಡಿಮೆ) ಬೋರ್ಡಿದ್ದ ದಾರಿಗೆ ನುಗ್ಗಿದೆ. ಹಿಂದಿನ ರಾತ್ರಿ ಮಳೆಯಾಗಿತ್ತು. ನೂರು ಅಡಿ ಹೋಗುವಷ್ಟರಲ್ಲಿ ಚಕ್ರಕ್ಕೆ ಮೆತ್ತಿದ ಮಣ್ಣು ಕಜ್ಜಾಯದ ಹಿಟ್ಟಿನ ಹಾಗೆ. ಇಳಿದರೆ ಒಂದೊಂದು ಶೂ ಎರಡೆರಡು ಕೆಜಿ. ಮುಕ್ಕಾಲು ಗಂಟೆಯ ಮೇಲೆ ಒಬ್ಬ ಅಜ್ಜ ಪಿಕಪ್‌ನಲ್ಲಿ ಬಂದು, ಏನೂ ಕೇಳದೆ ಸರಪಳಿ ಹಾಕಿ ಎಳೆದ. ದುಡ್ಡು ಕೊಡಲು ಹೋದರೆ ಕೈ ಬೀಸಿದ. ಎಲ್ಲಿಯವನು ಅಂತ ಕೇಳಿ, ಇಂಡಿಯಾ ಅಂದಾಗ, 'ಅಲ್ಲಿ ಮಳೆ ಹೇಗೆ?' ಅಂದ. ಅದೊಂದೇ ಪ್ರಶ್ನೆ.

ಸರ್ವೇನಂಬರ್

ರೈತ ಅಲ್ವಾ, ಇನ್ನೇನು ಕೇಳ್ತಾನೆ!

ರಸ್ತೆ ಸರಿಯಲು ಕಾರಣ ಭೂಮಿ ದುಂಡಗಿರುವುದು. ಉತ್ತರ ದಕ್ಷಿಣದ ಗೆರೆಗಳು ಧ್ರುವದ ಕಡೆ ಹೋದಂತೆ ಹತ್ತಿರವಾಗುತ್ತವೆ. ಚೌಕಗಳು ಮಾತ್ರ ಒಂದೇ ಅಗಲ ಇರಬೇಕು. ಹಾಗಾಗಿ ಕೆಲವು ಮೈಲಿಗೊಮ್ಮೆ ಗೆರೆಯನ್ನು ಹೊಸದಾಗಿ ಅಳೆದು ಶುರು ಮಾಡಿದರು. ಹಳೇ ಗೆರೆ ಹೊಸ ಗೆರೆ ಸೇರುವ ಕಡೆ ರಸ್ತೆಗೆ ಸೊಟ್ಟ ಬಂತು. ಕ್ಯಾನ್ಸಸ್, ನೆಬ್ರಾಸ್ಕಾ ಎರಡರ ಅಳತೆಗೂ ಅಡಿಗೆರೆ 40ನೇ ಅಕ್ಷಾಂಶ. ಅದೇ ಈಗ ಎರಡು ರಾಜ್ಯಗಳ ಗಡಿ. ಭೂಮಿ ಉರುಟು ಅಂತ ಸ್ಟೀರಿಂಗ್‌ನಲ್ಲೇ ಗೊತ್ತಾಗುವ ಜಾಗ ಅದು.

ಅಂಕಿಸಂಖ್ಯೆ

178ರ ಬಗ್ಗೆ ಒಂದು ಮಾತು ಬಾಕಿ ಇತ್ತು. ಅದನ್ನು ಕಲ್ಲಿನ ಮೇಲೆ ಕೆತ್ತಬೇಡಿ. 2020ರ ಗಣತಿಯಲ್ಲಿ ಯಾರ ಗುರುತೂ ಸಿಗಬಾರದು ಅಂತ ಸಣ್ಣ ಜಾಗಗಳ ಅಂಕಿಗೆ ಬೇಕಂತಲೇ ಚೂರು ಹೆಚ್ಚುಕಡಿಮೆ ಬೆರೆಸಿದ್ದಾರೆ. ರಾಜ್ಯದ ಒಟ್ಟು ಲೆಕ್ಕಕ್ಕೆ ಕೈ ಹಚ್ಚಿಲ್ಲ. ದೊಡ್ಡ ಊರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ, ಸಣ್ಣದಕ್ಕೆ ತಮಾಷೆಯಾಗುತ್ತದೆ. ನೆಬ್ರಾಸ್ಕಾದಲ್ಲಿ ಮೊನೊವಿ ಅಂತ ಊರಿದೆ. 2010ರಲ್ಲಿ ಜನಸಂಖ್ಯೆ ಒಂದು. ಒಬ್ಬ ಹಿರಿಯ ಮಹಿಳೆ. ಅವರೇ ಮೇಯರ್, ಅವರೇ ಗುಮಾಸ್ತೆ, ಊರಿನ ಹೋಟೆಲ್ ನಡೆಸುವವರೂ ಅವರೇ. 2020ರ ಪಟ್ಟಿಯಲ್ಲಿ ಅದು ಎರಡಾಯಿತು. ಊರಲ್ಲಿ ಇರುವುದು ನಾನೊಬ್ಬಳೇ ಅಂದರು ಅವರು.

ಇನ್ನೊಂದು. ನೆಲದ ನಡು ಲೆಬನಾನ್ ಆದರೆ ಜನರ ನಡು ಎಲ್ಲಿ? ಎಲ್ಲರ ತೂಕವೂ ಒಂದೇ ಅಂದುಕೊಂಡು ದೇಶವನ್ನು ಮೊನೆಯ ಮೇಲೆ ನಿಲ್ಲಿಸಿದರೆ ಎಲ್ಲಿ ನಿಲ್ಲುತ್ತದೆ ಅನ್ನುವ ಲೆಕ್ಕ. 1790ರಲ್ಲಿ ಅದು ಪೂರ್ವ ಕರಾವಳಿಯ ಮೇರಿಲ್ಯಾಂಡ್‌ನಲ್ಲಿತ್ತು. ಗಣತಿಯಿಂದ ಗಣತಿಗೆ ಪಶ್ಚಿಮಕ್ಕೆ ನಡೆದು 2010ರಲ್ಲಿ ಮಿಸೌರಿಯ ಪ್ಲೇಟೋ, 2020ರಲ್ಲಿ ಅದೇ ರಾಜ್ಯದ ಹಾರ್ಟ್‌ವಿಲ್ ಹತ್ತಿರ ಬಂದಿದೆ. ಈ ಹತ್ತು ವರ್ಷದಲ್ಲಿ ನಡೆದದ್ದು 12 ಮೈಲಿಯಷ್ಟೂ ಇಲ್ಲ. ಮಜಾ ಏನಂದ್ರೆ ಹಾರ್ಟ್‌ವಿಲ್‌ನಲ್ಲೂ ಆರುನೂರು ಜನ ಇಲ್ಲ.

ಕೊಂಕುನುಡಿ

ನಡುವಿನಲ್ಲಿ ನಿಲ್ಲಬಾರದು ಅಂತ ಇದಕ್ಕೇ ಹೇಳೋದು.

ಸರಿ, ಪ್ರವಾಸೋದ್ಯಮ ಇಲ್ವಾ? ದೇಶದ ಮಧ್ಯ ಅಂದ್ರೆ ನಮ್ಮವರು ಇಷ್ಟೊತ್ತಿಗೆ ಕಬ್ಬಿನ ಹಾಲಿನ ಗಾಡಿ ನಿಲ್ಲಿಸಿರುತ್ತಿದ್ದರು.

ಒಮಾಹಾಮಾವ

ಪ್ರಯತ್ನ ಮಾಡಿದ್ದರು. ಸ್ಮಾರಕಕ್ಕೆ ಅಂತಲೇ ಒಂದು ಮೈಲಿಯ ರಾಜ್ಯ ಹೆದ್ದಾರಿ ಇದೆ, ನಂಬರ್ 191. ಪಕ್ಕದಲ್ಲಿ ಮೋಟೆಲ್ ಕಟ್ಟಿದರು, ನಡೆಯಲಿಲ್ಲ. 2021ರ ಸೂಪರ್ ಬೌಲ್‌ನಲ್ಲಿ, ಅಂದರೆ ಅಮೆರಿಕನ್ ಫುಟ್‌ಬಾಲ್ ಫೈನಲ್‌ನಲ್ಲಿ, ಒಂದು ಕಾರಿನ ಜಾಹೀರಾತಿಗೆ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರನ್ನು ಇಟ್ಟುಕೊಂಡು ಆ ಚಾಪೆಲ್ ತೋರಿಸಿದರು. ಇಡೀ ದೇಶ ಎರಡು ನಿಮಿಷ ನೋಡಿತು. ಆದರೆ ಬಂದವರು ಫೋಟೋ ತೆಗೆದು ಹೋಗುತ್ತಾರೆ. ಇಪ್ಪತ್ತು ನಿಮಿಷಕ್ಕೆ ಯಾರು ಏನು ಕೊಳ್ಳುತ್ತಾರೆ?

ಜನರನ್ನು ಕರೆತರುವ ಯೋಜನೆಗಳೂ ಇವೆ. ಮಾರ್ಕ್ವೆಟ್ ಅನ್ನುವ ಇನ್ನೊಂದು ಕ್ಯಾನ್ಸಸ್ ಊರು 2003ರಲ್ಲಿ ಮನೆ ಕಟ್ಟುವವರಿಗೆ ಪುಕ್ಕಟೆ ಸೈಟ್ ಕೊಟ್ಟಿತು. ರಾಜ್ಯ ಸರ್ಕಾರ 2011ರಿಂದ ಹಲವು ಕೌಂಟಿಗಳಿಗೆ ವಲಸೆ ಬಂದವರ ವಿದ್ಯಾಭ್ಯಾಸದ ಸಾಲದಲ್ಲಿ 15,000 ಡಾಲರ್ ತನಕ ಐದು ವರ್ಷದಲ್ಲಿ ಕಟ್ಟಿಕೊಡುತ್ತೇನೆ ಅಂತು. ಮತ್ತೆ ಅದೇ ಐದು ವರ್ಷ, ನೋಡಿ.

ಜೋಳದರೊಟ್ಟಿ

ಬಯಲುದಾರಿಯವರೇ, ಒಂದು ಮಾತು. ಆ ಕೆಂಪು ಜೋಳ ಒಂದು ಹಿಡಿ ತಂದಿದ್ದೀರಾ? ರೊಟ್ಟಿಗೆ ಬರುತ್ತಾ ಅಂತ ತಲೆಯಲ್ಲಿ ಕೊರೀತಿದೆ.

ಬಯಲುದಾರಿ

ನಗಬೇಡಿ, ತಂದಿದ್ದೇನೆ. ಎಲಿವೇಟರ್ ಒಳಗೆ ಜಾಗ ಸಾಲದೆ ಹೊರಗೆ ನೆಲದ ಮೇಲೇ ಗುಡ್ಡೆ ಹಾಕಿದ್ದರು. ಎರಡಾಳೆತ್ತರದ ಕೆಂಪು ಗುಡ್ಡ. ಕೆಲಸದವನನ್ನು ಕೇಳಿದೆ, ಎಷ್ಟು ಬೇಕಾದ್ರೂ ತಗೋ ಅಂದ. ಟೋಪಿ ತುಂಬ ತಂದು, ತೊಳೆದು ಒಣಗಿಸಿ ಮಿಕ್ಸಿಗೆ ಹಾಕಿದೆ. ಹಿಟ್ಟು ಬೂದು ಬಣ್ಣಕ್ಕೆ ಬಂತು. ತಟ್ಟಿದರೆ ಅಂಚು ಬಿರಿಯಿತು, ಎತ್ತಿ ಹಂಚಿಗೆ ಹಾಕುವಾಗ ಎರಡು ತುಂಡು.

ಜೋಳದರೊಟ್ಟಿ

ಮಿಕ್ಸಿಯಲ್ಲಿ ತರಿತರಿ ಇದ್ದರೆ ಹಾಗೇ ಆಗೋದು. ನಯವಾಗಿ ಜರಡಿ ಹಿಡೀರಿ. ನೀರು ಕುದಿಯುತ್ತಿರುವಾಗಲೇ ಹಿಟ್ಟಿಗೆ ಸುರಿದು, ಬಿಸಿ ತಡೆಯುವಷ್ಟು ಆದ ಕೂಡಲೇ ಚೆನ್ನಾಗಿ ನಾದಬೇಕು. ಆಗ ಜಿಗಿ ಬರುತ್ತದೆ. ಇನ್ನೂ ಹಿಟ್ಟು ಉಳಿದಿದ್ದರೆ ಇವತ್ತೇ ಮಾಡಿ, ಹಳತಾದರೆ ಜಿಗಿ ಹೋಗುತ್ತದೆ. ಬಿರಿದ ರೊಟ್ಟಿ ರುಚಿ ಹೇಗಿತ್ತು?

ಬಯಲುದಾರಿ

ಒಂಚೂರು ಒಗರು. ಶೇಂಗಾ ಚಟ್ನಿ ಜೊತೆ ಎರಡೂ ತುಂಡು ಖಾಲಿ.